ಗುಂಡಿ ಮುಚ್ಚುವ ಕಾಮಗಾರಿಗೆ ಗುದ್ದಲಿ ಪೂಜೆ

ಬಹಳ ಹಿಂದೆ, ಅಂದರೆ ಈ ಪತ್ರಿಕೆಯ ಓದುಗರು ಯಾರೂ ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಕುದ್ದಾಲಪುರಿ ಎಂಬ ರಾಜ್ಯವೊಂದಿತ್ತು. ಕಾಲವನ್ನು ಅಷ್ಟು ದೂರ ತಳ್ಳುತ್ತಿರುವುದಕ್ಕೆ ಕಾರಣವಿಷ್ಟೇ: ಮಾನನಷ್ಟ ಮೊಕದ್ದಮೆ ಹೂಡಬಲ್ಲವರು ಆ ರಾಜ್ಯದಲ್ಲಿ ಈಗ ಯಾರೂ ಬದುಕಿಲ್ಲ.

ರಾಜ್ಯವನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಆರಂಭವರ್ಮ ಪ್ರಭುಗಳು. ಪ್ರಥಮಾಘಾತ ಧುರಂಧರ, ಶಂಕುಸ್ಥಾಪನಾ ಚಕ್ರವರ್ತಿ ಮುಂತಾದ ಅವರ ಬಿರುದುಗಳನ್ನೆಲ್ಲ ಅಚ್ಚು ಹಾಕಿದರೆ ಈ ಪುಟದಲ್ಲಿ ಜಾಹೀರಾತಿಗೆ ಜಾಗ ಉಳಿಯದು. ಪ್ರಭುಗಳಿಗೆ ಬೇಟೆ ಬೇಡ, ಯುದ್ಧ ಬೇಡ, ಸಂಗೀತ ಕೇಳಿದರೆ ಆಕಳಿಕೆ. ಅವರ ಜೀವವೆಲ್ಲ ಗುದ್ದಲಿ ಪೂಜೆಯಲ್ಲಿತ್ತು. ಬೆಳಿಗ್ಗೆ ಮಿಂದು, ಪೇಟ ಸುತ್ತಿ, ಬೆಳ್ಳಿಯ ಗುದ್ದಲಿ ಹಿಡಿದು ಹೊರಟರೆಂದರೆ ಒಂದು ರಸ್ತೆಗೋ ಸೇತುವೆಗೋ ಛತ್ರಕ್ಕೋ ಪೂಜೆ ಮಾಡಿಯೇ ತಿಂಡಿಗೆ ಕೂರುತ್ತಿದ್ದರು. ಪ್ರಭುಗಳು ಮೂರು ಏಟು ಹಾಕುವರು. ಆಮೇಲೆ ನಲವತ್ತು ಮಂದಿ ಕೂಲಿಗಳು ಇಳಿದು, ಆಗಮೋಕ್ತ ಅಳತೆಗೆ, ಎರಡು ಗಾಡಿಯಗಲ ಒಂದಾಳು ಆಳ ತೋಡುವರು. ಪಕ್ಕದಲ್ಲಿ ಹೆಸರು ಕೆತ್ತಿದ ಕಲ್ಲು ನಿಲ್ಲುವುದು. ಮಾರನೆಯ ದಿನ ಬೇರೆ ಊರು.

ಕಾಮಗಾರಿ ಮುಗಿಸುವ ಪದ್ಧತಿ ಅಲ್ಲಿರಲಿಲ್ಲ. ಮುಗಿದುಹೋದ ಕಾಮಗಾರಿಗೆ ಮತ್ತೆ ಪೂಜೆ ಮಾಡಲು ಬರುವುದಿಲ್ಲವಾದ್ದರಿಂದ, ಮುಗಿಸುವುದು ಅಭಿವೃದ್ಧಿಗೆ ಮಾರಕ ಎಂದು ತಜ್ಞರ ಸಮಿತಿಯೊಂದು ಮುನ್ನೂರು ಪುಟಗಳ ವರದಿ ಕೊಟ್ಟಿತ್ತು. ಹೀಗಾಗಿ ಗುಂಡಿಗಳಿಗೆಲ್ಲ ‘ಪ್ರಗತಿಯಲ್ಲಿರುವ ಕಾಮಗಾರಿ’ ಎಂಬ ದರ್ಜೆ ಸಿಕ್ಕಿತು. ಅವುಗಳಿಗೆ ಕಾವಲುಗಾರರಿದ್ದರು, ಜಯಂತಿಯಿತ್ತು. ಬೀಳುವವರು ಬೀಳುತ್ತಿದ್ದರು. ಬಿದ್ದವರನ್ನು ‘ಯೋಜನೆಯ ಫಲಾನುಭವಿಗಳು’ ಎಂದು ದಾಖಲಿಸಲಾಗುತ್ತಿತ್ತು.

ರಾಜಧಾನಿಯ ಅಂಚಿನಲ್ಲಿ ಚಾಪೆ ಹೆಣೆಯುವವರ ಕೇರಿಯೊಂದಿತ್ತು. ಒಳಗೆ ಎಂಬತ್ತು ಮನೆ, ಹೊರಗೆ ಹೋಗಲು ಒಂದೇ ದಾರಿ. ಆ ದಾರಿಯ ಬಾಯಿಗೆ ಸರಿಯಾಗಿ ನಾಲ್ಕು ವರ್ಷದ ಹಿಂದೆ ‘ಸರ್ವಋತು ರಸ್ತೆ’ಗೆ ಪೂಜೆಯಾಗಿತ್ತು. ಅಂದಿನಿಂದ ಯಾವ ಋತುವಿನಲ್ಲೂ ಅಲ್ಲಿ ಗಾಡಿ ಓಡಿರಲಿಲ್ಲ. ಗುಂಡಿಯ ಮೇಲೆ ಅಡಿಕೆ ಮರದ ದಬ್ಬೆಗಳನ್ನು ಹಾಸಿ ಜನ ಒಬ್ಬೊಬ್ಬರಾಗಿ ದಾಟುತ್ತಿದ್ದರು.

ಈ ಕೇರಿಯ ಸೂಲಗಿತ್ತಿ ಕೆಂಪಾಜಮ್ಮ. ಐವತ್ತೈದು ದಾಟಿದ ಹೆಂಗಸು, ಗಟ್ಟಿ ಕೈ, ಅದಕ್ಕಿಂತ ಗಟ್ಟಿ ಬಾಯಿ. ಗುಂಡಿ ಮುಚ್ಚಿಸಿ ಎಂದು ನಾಲ್ಕು ವರ್ಷದಲ್ಲಿ ನಲವತ್ತೊಂದು ಮನವಿ ಕೊಟ್ಟಿದ್ದಳು. ಪ್ರತಿ ಸಲವೂ ಮನವಿಯ ನಾಲ್ಕು ಮೂಲೆಗೆ ನಾಲ್ವರು ಅಧಿಕಾರಿಗಳು ಕೈಯಿಟ್ಟು, ಆಸ್ಥಾನದ ಚಿತ್ರಗಾರನ ಕಡೆ ನೋಡಿ ನಕ್ಕು, ಚಿತ್ರ ಮುಗಿದೊಡನೆ ಮೂಲೆ ಬಿಟ್ಟು ಹೋಗುತ್ತಿದ್ದರು. ಮನವಿ ನೆಲಕ್ಕೆ ಬೀಳುತ್ತಿತ್ತು. ಅವಳು ಅದನ್ನೇ ಹೆಕ್ಕಿ, ಧೂಳು ಕೊಡವಿ, ಮುಂದಿನ ತಿಂಗಳು ಮತ್ತೆ ಕೊಡುತ್ತಿದ್ದಳು.

ಆ ವರ್ಷ ಅವಳ ಸೊಸೆ ಪುಟ್ಟತಾಯಿ ಚೊಚ್ಚಲು ಬಸುರಿಯಾದಳು. ಮಗ ಚಾಪೆ ಹೊತ್ತು ಊರೂರು ಸುತ್ತುತ್ತಿದ್ದ, ತಿಂಗಳಿಗೊಮ್ಮೆ ಬಂದರೆ ಬಂದ. ಏಳನೇ ತಿಂಗಳಲ್ಲಿ ಸೊಸೆಯ ಹೊಟ್ಟೆ ಮುಟ್ಟಿ ನೋಡಿದ ಕೆಂಪಾಜಮ್ಮ ಇನ್ನೊಮ್ಮೆ ಮುಟ್ಟಿ ನೋಡಿದಳು.

“ಏನತ್ತೆ?” ಎಂದಳು ಪುಟ್ಟತಾಯಿ.

“ಕೂಸು ಅಡ್ಡ ಕೂತದೆ ಕಣವ್ವ. ತಿರುಗಿದ್ರೆ ದೇವ್ರು ದೊಡ್ಡೋನು. ತಿರುಗ್ದೆ ಇದ್ರೆ ನನ್ ಕೈಲಾಗೋ ಕೆಲ್ಸ ಅಲ್ಲ ಇದು. ಪ್ಯಾಟೆ ಹೆರಿಗೆ ಆಸ್ಪತ್ರೆಗೇ ಆಗ್ಬೇಕು.”

“ನೋವು ಬಂದ್ಮೇಲೆ ಆ ದಬ್ಬೆ ಮ್ಯಾಲೆ ನಡ್ಕೊಂಡ್ ಹೋಗ್ಲಾ ನಾನು?”

ಆಸ್ಪತ್ರೆಯವರೋ, ನೋವು ಬರದೆ ಯಾರನ್ನೂ ಒಳಗೆ ಸೇರಿಸುತ್ತಿರಲಿಲ್ಲ. ಗಾಡಿ ಮನೆ ಬಾಗಿಲಿಗೆ ಬಂದರೆ ಸೊಸೆ ಉಳಿಯುತ್ತಾಳೆ, ಕೂಸು ಉಳಿಯುತ್ತದೆ. ಗಾಡಿ ಬರಬೇಕಾದರೆ ಗುಂಡಿ ಮುಚ್ಚಬೇಕು. ಅವಳಿಗೆ ಬೇಕಾಗಿದ್ದ ರಾಜಕೀಯವೆಲ್ಲ ಇಷ್ಟೇ.

ಕೇರಿಯವರೇ ಒಮ್ಮೆ ಬುಟ್ಟಿ ಹಿಡಿದು ಗುಂಡಿ ಮುಚ್ಚಿ ನೋಡಿದ್ದುಂಟು. ಸರ್ಕಾರಿ ಕಾಮಗಾರಿ ನಾಶಪಡಿಸಿದ ಆರೋಪದ ಮೇಲೆ ಆರು ಮಂದಿಯನ್ನು ಎಳೆದೊಯ್ದರು. ಗುಂಡಿಯನ್ನು ಮತ್ತೆ ತೋಡಿಸಿ, ದಂಡನೆಯೆಂದು ಒಂದು ಗೇಣು ಹೆಚ್ಚು ತೋಡಿದರು. ಪೂಜೆಯಾದ ಗುಂಡಿಯನ್ನು ಮುಚ್ಚುವ ಅಧಿಕಾರ ರಾಜಸಭೆಗೆ ಮಾತ್ರ ಇತ್ತು. ರಾಜಸಭೆಗೆ ಆ ಭಾಗದಿಂದ ಹೋಗುತ್ತಿದ್ದವರು ಮುಗುಳಪ್ಪನವರು. ಸಾವಿನ ಮನೆಗೂ ನಗುತ್ತಲೇ ಬರುವ ಸಜ್ಜನರು. ಹದಿನೈದು ವರ್ಷ ಸಭೆಯಲ್ಲಿ ಕೂತು ಅವರು ಆಡಿದ ಮಾತು ಒಂದೇ, ಅದು “ಬಹಳ ಸಂತೋಷ”.

“ಅಕ್ಕ, ನೀನೇ ನಿಂತ್ಕೊಂಡ್ಬುಡು,” ಎಂದ ನೆರೆಮನೆಯ ಮರಿಸಿದ್ದಣ್ಣ. ಕೇರಿಯಲ್ಲಿ ಗಾಡಿ ಇದ್ದದ್ದು ಅವನೊಬ್ಬನಿಗೆ, ಅದೂ ನಾಲ್ಕು ವರ್ಷದಿಂದ ಹೊರಗೆ ಹೋಗಲಾರದೆ ಕೋಳಿಗಳ ಮನೆಯಾಗಿತ್ತು. “ಓಟಿನ್ ದಿನಕ್ಕೂ ಪುಟ್ಟತಾಯಿ ದಿನಕ್ಕೂ ನಡುವೆ ಒಂದೂವರೆ ತಿಂಗ್ಳು ಸಿಗ್ತದೆ. ಹೋಗಿ ಕೂತ್ಕೊ, ಆಜ್ಞೆ ಬರೆಸ್ಕೊಂಡ್ ಬಾ.”

ಕೆಂಪಾಜಮ್ಮ ನಾಮಪತ್ರ ಹಿಡಿದು ಹೋದಳು. ಅಧಿಕಾರಿ ಅದನ್ನು ತಲೆಕೆಳಗು ಮಾಡಿ ಓದಿ ಕೇಳಿದ:

“ಅನುಭವ?”

“ಆರ್ನೂರ್ ಹೆರಿಗೆ ಮಾಡ್ಸಿವ್ನಿ ಸ್ವಾಮಿ.”

“ಅದಲ್ಲ. ಗುದ್ದಲಿ ಪೂಜೆ ಎಷ್ಟು ಮಾಡಿದ್ದೀರಿ? ಸಭಾಸದರಾಗಲು ಕನಿಷ್ಠ ಒಂದು ಗುಂಡಿ ಕಡ್ಡಾಯ.”

“ನಾನ್ ನಿಂತಿರೋದೇ ಗುಂಡಿ ಮುಚ್ಸಕ್ಕೆ!”

“ತುಂಬ ಒಳ್ಳೆಯದು. ಅದನ್ನು ಪ್ರಣಾಳಿಕೆಯ ಕಾಲಂನಲ್ಲಿ ಬರೆಯಿರಿ. ಇದು ಅರ್ಹತೆಯ ಕಾಲಂ.”

ಗುಂಡಿ ಮುಚ್ಚಲು ಹೊರಟವಳು ಗುಂಡಿ ತೋಡಬೇಕಾಗಿ ಬಂತು. ಕೆಂಪಾಜಮ್ಮನಿಗೆ ಮೈಯೆಲ್ಲ ಉರಿದರೂ, ಒಂದೇ ತಾನೇ, ಗೆದ್ದ ಮೇಲೆ ಮೊದಲು ಅದನ್ನೇ ಮುಚ್ಚಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡಳು. ಓದುಗರಲ್ಲಿ ಯಾರಾದರೂ ಚುನಾವಣೆಗೆ ನಿಂತವರಿದ್ದರೆ ಅವರೂ ಇದೇ ಸಮಾಧಾನ ಮಾಡಿಕೊಂಡಿರುತ್ತಾರೆ.

ತೋಡಲು ಹೊರಟರೆ ಜಾಗವೇ ಇಲ್ಲ. ಬಯಲಲ್ಲಿ ಗುಂಡಿ, ಕೆರೆ ಏರಿಯ ಮೇಲೆ ಗುಂಡಿ, ಸಂತೆ ಮಾಳದಲ್ಲಿ ಒಂದಕ್ಕೊಂದು ಒತ್ತಿಕೊಂಡ ಹದಿನೇಳು ಗುಂಡಿ. ಮೂರು ದಿನ ಅಲೆದು, ಕೊನೆಗೆ ಮರಿಸಿದ್ದಣ್ಣನ ಮನೆಯ ಜಗಲಿಯ ಮುಂದೆ ಕರು ಕಟ್ಟುವ ಜಾಗ ಸಿಕ್ಕಿತು. ಅಧಿಕಾರಿ ಬಂದು ಅಳತೆ ಹಿಡಿದು, ಆಳ ಸಾಲದೆಂದು ಎರಡು ಸಲ ವಾಪಸು ಕಳಿಸಿ, ಮೂರನೇ ಸಲ ಒಪ್ಪಿದ. ಕರುವನ್ನು ಒಳಗಿನ ಹಜಾರದಲ್ಲಿ ಕಟ್ಟಿಕೊಂಡರು. ಮರಿಸಿದ್ದಣ್ಣನ ಹೆಂಡತಿ ಎಂಟು ದಿನ ಕೆಂಪಾಜಮ್ಮನೊಡನೆ ಮಾತು ಬಿಟ್ಟಳು.

ಚಿಹ್ನೆಯ ವಿಚಾರವೂ ಹಾಗೇ ಆಯಿತು. ಅವಳು ಮಣ್ಣು ಹೊರುವ ಬುಟ್ಟಿ ಕೇಳಿದಳು. ಪಟ್ಟಿಯಲ್ಲಿದ್ದದ್ದು ಗುದ್ದಲಿ, ಪಿಕಾಸಿ, ಹಾರೆ, ರಿಬ್ಬನ್ ಕತ್ತರಿ ಮತ್ತು ತೆಂಗಿನಕಾಯಿ. ಗುದ್ದಲಿ ಮುಗುಳಪ್ಪನವರ ಪಾಲಾಗಿತ್ತು. ಇದ್ದುದರಲ್ಲಿ ತಿನ್ನುವುದಕ್ಕಾದರೂ ಬರುತ್ತದೆಂದು ಇವಳು ತೆಂಗಿನಕಾಯಿ ಹಿಡಿದಳು.

ಆಮೇಲೆ ನಡೆದ ಪ್ರಚಾರದಂಥದ್ದನ್ನು ಕುದ್ದಾಲಪುರಿ ಕಂಡಿರಲಿಲ್ಲ. ಮುಗುಳಪ್ಪನವರು ಫ್ಲೆಕ್ಸ್ ಕಟ್ಟಿಸಿದರು, ವಾದ್ಯ ತರಿಸಿದರು, ಪ್ರತಿ ಬೀದಿಗೆ ಇನ್ನೆರಡು ಪೂಜೆಯ ಭರವಸೆ ಕೊಟ್ಟರು. ಕೆಂಪಾಜಮ್ಮ ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದೇ ಹೋದಳು. ಅವಳ ಭಾಷಣವೂ ಚಿಕ್ಕದು.

“ಲೇ ಬಸ್ವ, ನಿನ್ ಹೊಕ್ಕುಳಬಳ್ಳಿ ಕತ್ತರ್ಸಿದ್ದು ಯಾರು?”

“ನೀನೇ ಕಣಕ್ಕ.”

“ಉಸ್ರೇ ಇಲ್ದೆ ನೀಲಿಗಟ್ಟಿದ್ದೆ. ಕಾಲ್ ಹಿಡ್ದು ತಲೆಕೆಳಗ್ ಮಾಡಿ ಬೆನ್ಗೆ ನಾಲ್ಕ್ ಬುಟ್ಟಿದ್ಕೆ ಅತ್ತೆ. ಇವತ್ ನನ್ಗೊಂದ್ ಓಟ್ ಒತ್ತು, ಸರಿಹೋಯ್ತದೆ.”

ಮತದಾರರ ಪಟ್ಟಿಯಲ್ಲಿ ಅರ್ಧಕ್ಕರ್ಧ ಜನ ಅವಳ ಕೈಯಿಂದಲೇ ಭೂಮಿಗೆ ಬಂದವರು. ಹೀಗೆ ಬೆತ್ತಲೆಯಾಗಿ ತಮ್ಮನ್ನು ನೋಡಿದವಳು ಎದುರಿಗೆ ನಿಂತು ಕೇಳಿದಾಗ ಇಲ್ಲವೆನ್ನುವ ಧೈರ್ಯ ದೊಡ್ಡ ಮೀಸೆಯವರಿಗೂ ಬರಲಿಲ್ಲ. ಸಂತೆ ಮಾಳದಲ್ಲಿ ಅವಳು ನಿಂತು, “ಗುಂಡಿ ಮುಚ್ತೀನಿ. ಬ್ಯಾರೆ ಏನೂ ಮಾಡಕಿಲ್ಲ,” ಎಂದಾಗ ಜನ ಹುಚ್ಚೆದ್ದು ಕೂಗಿದರು. ಏನೂ ಮಾಡುವುದಿಲ್ಲವೆಂದು ಮೊದಲೇ ಹೇಳಿದ ಅಭ್ಯರ್ಥಿಯನ್ನು ಅವರು ಅದೇ ಮೊದಲು ನೋಡಿದ್ದು.

ಮುಗುಳಪ್ಪನವರು ಒಂದು ದಿನ ಕೇರಿಗೇ ಬಂದರು. ದಬ್ಬೆಯ ಮೇಲೆ ಇಬ್ಬರು ಅವರನ್ನು ಕೈಹಿಡಿದು ದಾಟಿಸಿದರು.

“ತಾಯೀ, ಗುಂಡಿ ಗುಂಡಿ ಅಂತ ಯಾಕೆ ಹೀಗಳೆಯುತ್ತೀರಿ? ಅದು ಗುಂಡಿಯಲ್ಲ, ನಿಮ್ಮ ಮಕ್ಕಳ ಭವಿಷ್ಯ.”

“ಅದ್ಕೇ ಸ್ವಾಮಿ ಎದರ್ಕೆ ಆಗಿರೋದು,” ಎಂದಳು ಕೆಂಪಾಜಮ್ಮ. “ಇಣುಕಿದ್ರೆ ತಳವೇ ಕಾಣಕಿಲ್ಲ.”

ಮುಗುಳಪ್ಪನವರು ಬಹಳ ಸಂತೋಷ ಎಂದು ನಕ್ಕು ಹೊರಟುಹೋದರು.

ಮತದಾನಕ್ಕೆ ಹತ್ತು ದಿನವಿರುವಾಗ, ಮಟಮಟ ಮಧ್ಯಾಹ್ನ, ಮಹಾಮಂತ್ರಿ ಅನುಮೋದನಾಚಾರ್ಯರು ಕೆಂಪಾಜಮ್ಮನ ಮನೆಗೆ ಬಂದು ಚಾಪೆಯ ಮೇಲೆ ಕೂತರು. ರಾಜರು ಬಾಯಿ ತೆರೆಯುವ ಮೊದಲೇ ಒಪ್ಪಿಗೆ ಸೂಚಿಸುವ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಮಜ್ಜಿಗೆ ಕುಡಿದು, ಶಲ್ಯದಲ್ಲಿ ತುಟಿ ಒರೆಸಿಕೊಂಡು, ಧ್ವನಿ ತಗ್ಗಿಸಿದರು.

“ಅಮ್ಮಾ, ಒಂದು ರಾಜರಹಸ್ಯ. ರಾಜ್ಯದಲ್ಲಿ ನೆಲ ಮುಗಿದಿದೆ.”

“ನೆಲ ಮುಗೀತಾ? ಅಂಗಂದ್ರೆ?”

“ಅಗೆಯದ ನೆಲ. ಒಂದು ಮೊಳವೂ ಇಲ್ಲ. ಮೂರು ವಾರದಿಂದ ಪ್ರಭುಗಳಿಗೆ ಪೂಜೆಯಿಲ್ಲ, ಅನ್ನ ಸೇರುತ್ತಿಲ್ಲ. ಮೊನ್ನೆ ಅಂತಃಪುರದ ಹಜಾರದಲ್ಲೇ ಹಾಸುಗಲ್ಲು ಕೀಳಿಸಲು ಹೊರಟಿದ್ದರು. ಮಹಾರಾಣಿಯವರ ಆಕ್ಷೇಪಣೆಯಿಂದ ಕಾಮಗಾರಿ ಸ್ಥಗಿತವಾಗಿದೆ.”

ಕೆಂಪಾಜಮ್ಮನಿಗೆ ನಗು ತಡೆಯಲಾಗಲಿಲ್ಲ. ಆಚಾರ್ಯರು ಗಂಭೀರವಾಗಿ ಮುಂದುವರಿಸಿದರು.

“ತಮ್ಮ ಭಾಷಣದ ವರದಿಯನ್ನು ಪ್ರಭುಗಳಿಗೆ ಓದಿ ಹೇಳಿದೆವು. ಗುಂಡಿ ಮುಚ್ಚುವುದು! ಅದೂ ಒಂದು ಕಾಮಗಾರಿಯೇ ಅಲ್ಲವೇ? ಕಾಮಗಾರಿ ಎಂದ ಮೇಲೆ ಪೂಜೆ ಇದ್ದೇ ಇದೆ. ಕೇಳಿದ ತಕ್ಷಣ ಪ್ರಭುಗಳು ಎದ್ದು ಕೂತು ಎರಡು ಇಡ್ಲಿ ತಿಂದರು. ಇಂಥ ದೂರದೃಷ್ಟಿಯುಳ್ಳವರು ಸಭೆಯಲ್ಲಿರಬೇಕೆಂಬುದು ಅವರ ಅಪೇಕ್ಷೆ. ಮುಗುಳಪ್ಪನವರು ಹಿಂದೆ ಸರಿಯುತ್ತಾರೆ. ಮಾತಾಡಿದ್ದೇನೆ, ಬಹಳ ಸಂತೋಷ ಎಂದರು.”

“ನಮ್ ಕೇರಿ ಗುಂಡಿ ಮೊದ್ಲು ಮುಚ್ಬೇಕು. ನನ್ ಸೊಸೆ ದಿನ ತುಂಬೋದ್ರೊಳಗೆ.”

“ಮೊಟ್ಟಮೊದಲನೆಯದೇ ಅದು. ಪ್ರಭುಗಳು ಮೂರು ಏಟು ಹಾಕುತ್ತಾರೆ, ಅಷ್ಟೇ.”

“ಮೂರೇಟು ತಾನೇ? ಹಾಕ್ಕೊಳ್ಳಿ,” ಎಂದಳು ಕೆಂಪಾಜಮ್ಮ. ಯಾರ ಹಟಕ್ಕಾದರೂ ಆಗಲಿ, ಗುಂಡಿ ಮುಚ್ಚಿದರೆ ಸಾಕಾಗಿತ್ತು ಅವಳಿಗೆ.

ಕೆಂಪಾಜಮ್ಮ ಅವಿರೋಧವಾಗಿ ಗೆದ್ದಳು. ಕೇರಿಯಲ್ಲಿ ತಮಟೆ ಬಡಿದು ಕುಣಿದರು. ಪುಟ್ಟತಾಯಿ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಮರಿಸಿದ್ದಣ್ಣ ಗಾಡಿಯಿಂದ ಕೋಳಿಗಳನ್ನು ಓಡಿಸಿ, ಚಕ್ರಕ್ಕೆ ಎಣ್ಣೆ ಬಿಟ್ಟ.

ಮೊದಲ ಅಧಿವೇಶನದಲ್ಲೇ ‘ಸಮಗ್ರ ಗರ್ತಪೂರಣ ಶಾಸನ’ ಮಂಡನೆಯಾಯಿತು. ಆಚಾರ್ಯರು ಅದನ್ನು ಒಂದೂವರೆ ಗಂಟೆ ಓದಿದರು. ಅಲ್ಲಿದ್ದ ಸಮಾಸಗಳು ಕೆಂಪಾಜಮ್ಮನ ಕಿವಿಗೆ ಬಿದ್ದು ಹಾಗೇ ಜಾರಿಹೋದವು. ಗರ್ತವೆಂದರೆ ಗುಂಡಿ ಎಂದು ಪಕ್ಕದವರು ತಿಳಿಸಿದ ಮೇಲೆ ಅವಳು ಕಣ್ಣೀರು ಒರೆಸಿಕೊಂಡು ಕೈ ಎತ್ತಿದಳು. ಎಲ್ಲರೂ ಎತ್ತಿದರು. ಹದಿನೆಂಟನೇ ಕಲಮಿನಲ್ಲಿ, ಮುಚ್ಚಲ್ಪಟ್ಟ ಭೂಮಿಯು ಅಖನಿತ, ಎಂದರೆ ಅಗೆಯದ, ಭೂಮಿಗೆ ಸಮಾನವೆಂದೂ ಸಕಲ ಪೂಜೆಗಳಿಗೂ ಅರ್ಹವೆಂದೂ ಇತ್ತು. ಅದನ್ನು ಕನ್ನಡದಲ್ಲಿ ಯಾರೂ ಅವಳಿಗೆ ಹೇಳಲಿಲ್ಲ.

ಪೂಜೆಗೆ ಬುಧವಾರ ಗೊತ್ತಾಯಿತು. ಪ್ರಭುಗಳು ಗುಂಡಿಯೊಳಗೆ ಇಳಿದು ಪೂಜೆ ಮಾಡುವುದು ಶೋಭೆಯಲ್ಲವಾದ್ದರಿಂದ ಮಂಗಳವಾರವೇ ನೂರು ಗಾಡಿ ಮಣ್ಣು ತಂದು, ಕೇರಿಯ ಬಾಯಿಯ ಗುಂಡಿಯನ್ನು ತುಂಬಿ, ದಮ್ಮಸು ಹೊಡೆದು ಸಮ ಮಾಡಿದರು. ನಾಲ್ಕು ವರ್ಷದ ಮೇಲೆ ಅಲ್ಲಿ ನೆಲ ಕಂಡಿತು. ಕೆಂಪಾಜಮ್ಮ ಅದರ ಅಂಚಿನಲ್ಲಿ ನಿಂತು ನೋಡಿಯೇ ನೋಡಿದಳು. ಅಷ್ಟು ಸಂತೋಷ ಅವಳಿಗೆ ಗೆದ್ದ ದಿನವೂ ಆಗಿರಲಿಲ್ಲ. ಸುತ್ತಲೂ ಹಗ್ಗ ಕಟ್ಟಿ ಕಾವಲು ನಿಲ್ಲಿಸಿದರು. ಪ್ರಭುಗಳ ಪಾದ ಸೋಕುವ ಮೊದಲು ಅದನ್ನು ಬೇರೆ ಯಾರೂ ತುಳಿಯುವಂತಿರಲಿಲ್ಲ. ಒಂದು ದಿನ ತಾನೇ ಎಂದುಕೊಂಡಳು. ಪುಟ್ಟತಾಯಿಗೆ ಇನ್ನೂ ಮೂರು ವಾರವಿತ್ತು.

ಬುಧವಾರ ಬೆಳಿಗ್ಗೆ, ಹಗ್ಗದ ಹೊರಗೆ ಪೇಟೆಯ ಕಡೆ ಹಾಕಿದ್ದ ಶಾಮಿಯಾನದಲ್ಲಿ ಸಾವಿರ ಜನ. ವೇದಿಕೆಯ ಮೇಲೆ ಹಾರ ಹಾಕಿ, ಶಾಲು ಹೊದಿಸಿ, ಕೆಂಪಾಜಮ್ಮನನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿದ್ದರು. ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಪ್ರಭುಗಳು ಇನ್ನೂ ಅರಮನೆ ಬಿಟ್ಟಿರಲಿಲ್ಲ. ಸ್ವಾಗತ ಭಾಷಣ ಶುರುವಾಗಿದ್ದಾಗ ಮರಿಸಿದ್ದಣ್ಣ ಕಾವಲಿನವರ ಕಣ್ಣು ತಪ್ಪಿಸಿ ಹಗ್ಗದಡಿ ತೂರಿ, ವೇದಿಕೆಯ ಹಿಂದಿನಿಂದ ನುಸುಳಿ ಬಂದ.

“ಅಕ್ಕ, ಪುಟ್ಟತಾಯಿಗೆ ನೋವು ಕಾಣಿಸ್ಕೊಂಡದೆ. ಗಾಡೀಲಿ ಮಲಗ್ಸಿ ತಂದೆ. ಆ ಮುಂಡೇವು ಬುಡ್ತಾ ಇಲ್ಲ. ಮಣ್ ತುಳೀಬಾರ್ದಂತೆ. ದಬ್ಬೆನೂ ಕಿತ್ತಾಕವ್ರೆ.”

ಕೆಂಪಾಜಮ್ಮ ಪಕ್ಕದ ಕುರ್ಚಿಯ ಆಚಾರ್ಯರ ತೋಳು ಹಿಡಿದಳು. “ಸ್ವಾಮೀ, ಗಾಡಿ ಒಂದ್ ದಾಟ್ಕೊಳ್ಲಿ. ಕೂಸು ಅಡ್ಡ ಕೂತದೆ. ಆಸ್ಪತ್ರೆಗೆ ಹೋಗ್ಬೇಕು.”

“ಛೆ ಛೆ, ದಾಟದೆ ಏನಮ್ಮ? ನಿಮ್ಮದೇ ರಸ್ತೆ. ಪ್ರಭುಗಳ ಮೂರು ಏಟು ಬೀಳಲಿ. ಅರ್ಧ ಗಳಿಗೆ.”

ಆಗ ಅವಳ ಕಣ್ಣಿಗೆ ಶಾಮಿಯಾನದ ಪಕ್ಕ ಸಾಲಾಗಿ ನಿಂತಿದ್ದ ಕೂಲಿಗಳು ಬಿದ್ದರು. ನಲವತ್ತು ಜನ, ಕೈಯಲ್ಲಿ ಹಾರೆ, ಪಿಕಾಸಿ.

“ಅವ್ರ್ಯಾಕೆ ನಿಂತವ್ರೆ?”

“ಏಟು ಬಿದ್ದ ಮೇಲೆ ಆಗಮೋಕ್ತ ಅಳತೆಗೆ ತೋಡಬೇಡವೇ?”

“ಮುಚ್ಚಿರೋದ್ನ?”

“ತೋಡದೆ ಮುಚ್ಚುವ ಕಾಮಗಾರಿ ಆರಂಭಿಸುವುದು ಹೇಗಮ್ಮ? ಮೊದಲು ಗುಂಡಿ, ಆಮೇಲೆ ಮುಚ್ಚುವುದು. ಹದಿನೆಂಟನೇ ಕಲಮು. ತಾವೂ ಕೈ ಎತ್ತಿದ್ದೀರಿ.”

ಕೆಂಪಾಜಮ್ಮ ಎದ್ದೇ ಬಿಟ್ಟಳು. ಆಚಾರ್ಯರು ಸೆರಗಿನ ತುದಿಯನ್ನು ಮೆಲ್ಲಗೆ ಹಿಡಿದರು. ಅವರ ಧ್ವನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ.

“ಪೂಜೆಗೆ ಮೊದಲು ಸಭಾಸದರು ಪೀಠ ಬಿಟ್ಟರೆ ಶಾಸನ ರದ್ದಾಗುತ್ತದೆ, ಪ್ರೋಟೋಕಾಲ್. ತಮ್ಮ ಕ್ಷೇತ್ರದಲ್ಲಿ ಮುನ್ನೂರ ಅರವತ್ತು ಗುಂಡಿಗಳಿವೆ. ಎಲ್ಲ ಕೇರಿಗಳಲ್ಲೂ ಬಸುರಿಯರಿರುತ್ತಾರೆ. ತಾವು ಹಿರಿಯರು, ಯೋಚಿಸಿ. ಪ್ರಭುಗಳು ಆಗಲೇ ಹೊರಟಿದ್ದಾರೆ. ಮೂರು ಏಟು ಬಿದ್ದೊಡನೆ, ಕೂಲಿಗಳು ಇಳಿಯುವ ಮೊದಲು, ಗಾಡಿ ದಾಟಿಸಿಬಿಡೋಣ. ನನ್ನ ಮಾತು.”

ಅವಳು ನಿಂತೇ ಲೆಕ್ಕ ಹಾಕಿದಳು. ಚೊಚ್ಚಲು. ಬೆಳಿಗ್ಗೆ ನೋವು ಬಂದರೆ ಸಂಜೆಯಾಗದೆ ಹೆರಿಗೆಯಿಲ್ಲ. ಆರುನೂರು ಹೆರಿಗೆಯಲ್ಲಿ ಎಷ್ಟೋ ಚೊಚ್ಚಲು ಎರಡು ದಿನ ಹಿಡಿದದ್ದುಂಟು. ಅರ್ಧ ಗಳಿಗೆಯಲ್ಲಿ ಏನೂ ಆಗುವುದಿಲ್ಲ. ಈಗ ಎದ್ದು ಹೋದರೆ ಈ ನೆಲವೂ ಇಲ್ಲ, ಉಳಿದವರ ನೆಲವೂ ಇಲ್ಲ.

“ಮರಿಸಿದ್ದ, ಅವಳ್ನ ಎಡಮಗ್ಗುಲಿಗೆ ಮಲಗ್ಸು. ಎಷ್ಟೇ ನೋವ್ ಬಂದ್ರೂ ಮುಕ್ಕಬ್ಯಾಡ ಅನ್ನು. ಬಂದೆ,” ಎಂದು ಕುರ್ಚಿಯಲ್ಲಿ ಕೂತಳು.

ಪ್ರಭುಗಳು ಬಂದದ್ದು ಒಂದು ಗಂಟೆ ತಡವಾಗಿ. ಬಂದ ಮೇಲೆ ಪುಷ್ಪವೃಷ್ಟಿ. ಆಮೇಲೆ ಆಸ್ಥಾನ ಕವಿಗಳು ಗುಂಡಿಯ ಮೇಲೆ ನೂರ ಎಂಟು ಪದ್ಯ ಓದಿದರು. ಮುಗುಳಪ್ಪನವರು ಬಹಳ ಸಂತೋಷವನ್ನು ಇಪ್ಪತ್ತು ನಿಮಿಷಕ್ಕೆ ಹಿಗ್ಗಿಸಿ ಮಾತಾಡಿದರು. ಪ್ರತಿ ಭಾಷಣವೂ ಕೊನೆಯದೆಂದು ಆಚಾರ್ಯರು ಹೇಳುತ್ತಿದ್ದರು. ಕೇರಿಯ ಕಡೆಯಿಂದ ಒಂದು ಕೂಗು ಕೇಳಿಸಿತು, ವಾದ್ಯದವರು ಅದನ್ನು ಮುಚ್ಚಿಹಾಕಿದರು. ಕೆಂಪಾಜಮ್ಮ ಕುರ್ಚಿಯ ಕೈಯನ್ನು ಉಗುರು ಮುರಿಯುವಂತೆ ಹಿಡಿದು ಕೂತಿದ್ದಳು. ಎಂಥ ಪಾಪಿ ನಾನು, ಎದ್ದು ಹೋಗಬಾರದೆ ಎಂದು ನೂರು ಸಲ ಅಂದುಕೊಂಡಳು. ಇಷ್ಟು ಹೊತ್ತು ಕೂತಾಗಿದೆ, ಇನ್ನೊಂದೇ ಭಾಷಣ ಎಂದು ನೂರೊಂದನೇ ಸಲ ಕೂತಳು.

ಕೊನೆಗೆ ಪ್ರಭುಗಳು ಬೆಳ್ಳಿಯ ಗುದ್ದಲಿ ಎತ್ತಿದರು. ಅವರ ಕಣ್ಣಲ್ಲಿ ನೀರಿತ್ತು, ಅಷ್ಟು ದಿನದ ವಿರಹ ಅದು. ಒಂದು, ಎರಡು, ಮೂರು. ನೆಲ ಬಾಯಿಬಿಟ್ಟಿತು. ಜನ ಚಪ್ಪಾಳೆ ತಟ್ಟಿದರು. ಪ್ರಭುಗಳಿಗೆ ಎಂಥ ಉತ್ಸಾಹ ಬಂತೆಂದರೆ ಮೂರಕ್ಕೆ ನಿಲ್ಲದೆ ಮೂವತ್ತು ಹಾಕಿದರು. ರಾಜರು ಅಗೆಯುತ್ತಿರುವಾಗ ಸುಮ್ಮನೆ ನಿಲ್ಲುವುದು ಅಪರಾಧವಾದ್ದರಿಂದ ನಲವತ್ತು ಕೂಲಿಗಳೂ ಧುಮುಕಿದರು. ಗಾಡಿ ಆಚೆ ಬದಿಯಲ್ಲೇ ಉಳಿಯಿತು.

“ಈ ಮಹಾಯೋಜನೆಯ ಜನನಿ ಶ್ರೀಮತಿ ಕೆಂಪಾಜಮ್ಮನವರಿಗೆ ‘ಗರ್ತಪೂರಣ ಧುರೀಣೆ’ ಎಂಬ ಬಿರುದು,” ಎಂದು ಆಚಾರ್ಯರು ಘೋಷಿಸಿ, ಪೇಟ ತೊಡಿಸಲು ತಿರುಗಿದರು. ಕುರ್ಚಿ ಖಾಲಿಯಿತ್ತು. ಪೇಟವನ್ನು ಕುರ್ಚಿಗೇ ತೊಡಿಸಿ ಚಿತ್ರ ಬರೆಸಿಕೊಂಡರು.

ಕೆಂಪಾಜಮ್ಮ ಆ ಅರ್ಧ ತೋಡಿದ ಗುಂಡಿಗೆ ಇಳಿದು, ಕೂಲಿಗಳ ನಡುವೆ ಬಿದ್ದು ಎದ್ದು, ಆಚೆ ದಡ ಹತ್ತಿದಳು. ಗಾಡಿಯಲ್ಲಿ ಹೆಂಗಸರು ಸೀರೆ ಮರೆ ಹಿಡಿದಿದ್ದರು. ಕೂಸು ಅಡ್ಡವಾಗಿಯೇ ಬಂದು ಸಿಕ್ಕಿಕೊಂಡಿತ್ತು. ಅವಳು ಮೊಣಕೈಯವರೆಗೆ ಮಣ್ಣಾಗಿದ್ದ ಕೈ ತೊಳೆದುಕೊಂಡು, ತಿಳಿದ ವಿದ್ಯೆಯನ್ನೆಲ್ಲ ಹಾಕಿ ಸೊಸೆಯನ್ನು ಉಳಿಸಿಕೊಂಡಳು. ಕೂಸನ್ನು ಉಳಿಸಲಾಗಲಿಲ್ಲ. ಗಂಡು. ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನು ತಟ್ಟಿದಳು, ಮತ್ತೆ ತಟ್ಟಿದಳು, ಮರಿಸಿದ್ದಣ್ಣ ಬಂದು ಕೈ ಹಿಡಿಯುವ ತನಕ ತಟ್ಟುತ್ತಲೇ ಇದ್ದಳು.

“ಗುಂಡಿ ಮುಚ್ತಾ ಅತ್ತೆ?” ಎಂದು ಪುಟ್ಟತಾಯಿ ಅರೆ ಎಚ್ಚರದಲ್ಲಿ ಕೇಳಿದಳು.

ಕೆಂಪಾಜಮ್ಮ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಹೊಟ್ಟೆಯೊಳಗಿನಿಂದ ಕಿತ್ತು ಬರುವಂಥ ಅಳು ಅದು. ಬಿರುದು ಬಂದವರು ಹಾಗೆ ಅತ್ತದ್ದನ್ನು ಕೇರಿ ನೋಡಿರಲಿಲ್ಲ.

ಸಂಜೆಗೆ ಮೊದಲು ಹಿತ್ತಲಲ್ಲಿ, ನುಗ್ಗೆಮರದ ಬುಡಕ್ಕೆ ಇದ್ದ ಮೊಳದಷ್ಟು ನೆಲದಲ್ಲಿ, ಮರಿಸಿದ್ದಣ್ಣ ಚಿಕ್ಕದೊಂದು ಗುಂಡಿ ತೋಡಿದ. ಕೂಸನ್ನು ಹೊಸ ಚಾಪೆಯ ತುಂಡಿನಲ್ಲಿ ಸುತ್ತಿ ಮಲಗಿಸಿ ಮಣ್ಣು ಎಳೆದರು. ಆರಂಭವರ್ಮ ಪ್ರಭುಗಳ ಆಳ್ವಿಕೆಯಲ್ಲಿ ತೋಡಿದ ದಿನವೇ ಮುಚ್ಚಿದ ಗುಂಡಿ ಅದೊಂದೇ. ಮುಚ್ಚಿದ ಮೇಲೆ ಎಲ್ಲರೂ ಕೈಕಾಲು ತೊಳೆದುಕೊಂಡು ಮನೆಗಳಿಗೆ ಹೋದರು.

ಐದನೆಯ ದಿನ ಆಸ್ಥಾನದ ಗುಮಾಸ್ತನೊಬ್ಬ ಬಂದ. ಪ್ರಗತಿ ಪರಿಶೀಲನಾ ಸಭೆಗೆ ಅಂಕಿಅಂಶ ಬೇಕಾಗಿತ್ತು. ಯೋಜನೆಯಡಿ ಪೂಜೆಯಾದ ಗುಂಡಿ ಐದು, ಮುಚ್ಚಿದ್ದು ಸೊನ್ನೆ. ಸೊನ್ನೆಯನ್ನು ಪ್ರಭುಗಳ ಮುಂದೆ ಓದುವಂತಿಲ್ಲ. ಹೀಗಿರುವಾಗ ಈ ಕೇರಿಯ ಹಿತ್ತಲೊಂದರಲ್ಲಿ ಗುಂಡಿಯೊಂದು ಸಂಪೂರ್ಣ ಮುಚ್ಚಿದೆಯೆಂದು ಕಾವಲುಗಾರರ ಮೂಲಕ ತಿಳಿದುಬಂದಿತ್ತು.

“ಅದ್ನ ಬರ್ಕೋಬ್ಯಾಡಿ ಸ್ವಾಮಿ,” ಎಂದು ಕೆಂಪಾಜಮ್ಮ ಕೈ ಮುಗಿದಳು. “ಕಾಲ್ಗೆ ಬೀಳ್ತೀನಿ. ಅದ್ ಗುಂಡಿಯಲ್ಲ.”

“ಬರೆದಾಯಿತಮ್ಮ, ಪ್ರಭುಗಳಿಗೆ ಓದಿಯೂ ಆಯಿತು. ಯೋಜನೆಯ ಮೊದಲ ಸಾಧನೆ! ಸಿಂಹಾಸನದಿಂದ ಎದ್ದು ಚಪ್ಪಾಳೆ ತಟ್ಟಿದರು. ಮುಚ್ಚಿದ ನೆಲವೆಂದ ಮೇಲೆ ಪೂಜೆಗೆ ಅರ್ಹ ತಾನೇ? ಶುಕ್ರವಾರ ಬೆಳಿಗ್ಗೆ ಪ್ರಭುಗಳು ಬಿಡುವಾಗಿದ್ದಾರೆ. ಅಲ್ಲೇ ಒಂದು ಹೆರಿಗೆ ಆಸ್ಪತ್ರೆಗೆ ಗುದ್ದಲಿ ಪೂಜೆ. ತಮ್ಮ ಬಹುದಿನದ ಬೇಡಿಕೆಯಂತೆ.”

ಶುಕ್ರವಾರ ಹೊತ್ತು ಮೂಡುವುದರೊಳಗೆ ಕೆಂಪಾಜಮ್ಮ ಹಿತ್ತಲಿಗೆ ಹೋಗಿ ಆ ಹಸಿ ಮಣ್ಣಿನ ಮೇಲೆ ಕೂತಳು. ಪುಟ್ಟತಾಯಿಯೂ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. ಏಳುವುದಿಲ್ಲವೆಂದು ಇಬ್ಬರೂ ನಿಶ್ಚಯ ಮಾಡಿಕೊಂಡಿದ್ದರು, ಗುದ್ದಲಿ ಬಿದ್ದರೆ ತಮ್ಮ ಮೇಲೇ ಬೀಳಲಿ.

ಶಾಮಿಯಾನದವರೊಡನೆ ಬಂದ ಅನುಮೋದನಾಚಾರ್ಯರು ಅವರನ್ನು ಕಂಡು ನಿಂತರು. ಮುಖ ಅರಳಿತು.

“ಕಲಿಯಿರಯ್ಯಾ, ಕಲಿಯಿರಿ!” ಎಂದು ಹಿಂದಿನವರಿಗೆ ಹೇಳಿದರು. “ಸಭಾಸದರೆಂದರೆ ಹೀಗಿರಬೇಕು. ಪ್ರಭುಗಳು ಇನ್ನೂ ಮಿಂದಿಲ್ಲ, ಆಗಲೇ ಕುಟುಂಬಸಮೇತ ಸ್ಥಳದಲ್ಲಿ ಹಾಜರು. ಪಾಪ, ನೆಲದ ಮೇಲೆ ಕೂತಿದ್ದಾರೆ. ಎರಡು ಕುರ್ಚಿ ತನ್ನಿ, ಹಾರ ತನ್ನಿ. ಮೆಲ್ಲಗೆ ಎತ್ತಿ ಕೂರಿಸಿ.”

ನಾಲ್ವರು ಬಂದು ಅವರನ್ನು ಬಹಳ ಗೌರವದಿಂದ ಎತ್ತಿದರು. ಹೆಂಗಸರಿಬ್ಬರೂ ಕಿರುಚಿದ್ದಕ್ಕೆ ವಾದ್ಯದವರು ಪ್ರಭುಗಳು ಬಂದರೆಂದುಕೊಂಡು ನುಡಿಸಲು ಶುರು ಮಾಡಿದರು.